ಹೊಸ ಮೂಗಿಗೊಂದು ಮೂಗುಬೊಟ್ಟು

ಫೆಬ್ರವರಿ 9

ಪ್ರೀತಿಯ ಮಿಡತೆ,

ನಿನ್ನ ಅಕ್ಕ ಮೂಗು ಚುಚ್ಚಿಸಿಕೊಂಡಿದ್ದಾಳೆ. ಈ ಸಾಲನ್ನು ಇನ್ನೊಮ್ಮೆ ಓದಿಕೊಂಡು, ಎಲ್ಲಾದರೂ ಕೂತು, ಆಮೇಲೆ ಮುಂದಕ್ಕೆ ಓದು. ಹೌದು, ಐವತ್ತು ದಾಟಿದ ಮೇಲೆ. ಹೌದು, ಎಡಗಡೆಗೇ. ಡಾಕ್ಟರಮ್ಮ ಕಟ್ಟಿಕೊಟ್ಟ ಹೊಸ ಹೊಳ್ಳೆಗೇ.

ಆ ಹೊಸ ಹೊಳ್ಳೆಯ ಕತೆಯನ್ನು ನಾನು ನಿನಗೆ ನೆಟ್ಟಗೆ ಬರೆದೇ ಇಲ್ಲ. ನೀನು ಆ ದ್ವೀಪದ ಹವಾಮಾನ ಕೇಂದ್ರಕ್ಕೆ ಹೊರಟುಹೋದ ವರ್ಷವೇ ನನ್ನ ಮೂಗಿನ ಮೇಲಿದ್ದ ವಾಸಿಯಾಗದ ಗಾಯ ಕೆಟ್ಟ ಜಾತಿಯದು, ಕ್ಯಾನ್ಸರ್ ಅಂತ ಗೊತ್ತಾಗಿದ್ದು. ತುರ್ತಿಗೆ ಮಾತ್ರ ಸಿಗುವ ನಿಮ್ಮ ರೇಡಿಯೋದಲ್ಲಿ ನಿನ್ನ ಭಾವ ಹೇಳಿ ಕಳಿಸಿದ್ದು ಎರಡೇ ಮಾತು, ಆಪರೇಷನ್ ಆಯಿತು, ಚೆನ್ನಾಗಿದ್ದಾಳೆ. ಆಮೇಲೆ ನಾನೂ ಪ್ರತಿ ಪತ್ರದಲ್ಲಿ ಬೇಕರಿಯ ಸುದ್ದಿ, ಮಗಳ ಸುದ್ದಿ ಬರೆದು ಮೂಗಿನ ಮಾತನ್ನು ಪಕ್ಕಕ್ಕಿಟ್ಟೆ. ಬರೆಯಲು ಕೈ ಬರುತ್ತಿರಲಿಲ್ಲ. ಈಗ ಬರುತ್ತಿದೆ.

ಎಡ ಹೊಳ್ಳೆ ಪೂರ್ತಿ ಹೋಯಿತು, ತುದಿಯಲ್ಲೂ ಸ್ವಲ್ಪ. ಆ ಜಾಗಕ್ಕೆ ಡಾಕ್ಟರಮ್ಮ ಕಿವಿಯ ಹಿಂದಿನಿಂದ ಒಂದು ಚೂರು ಮೆದು ಮೂಳೆ ತೆಗೆದು ಆಕಾರ ಕೊಟ್ಟು, ಅದರ ಮೇಲೆ ಹೊದಿಸಲು ನನ್ನ ಹಣೆಯ ಚರ್ಮವನ್ನು ಕೆಳಕ್ಕೆ ತಿರುವಿ ತಂದರು. ಕಿತ್ತು ತರಲಿಲ್ಲ, ತಿರುವಿ ತಂದರು. ಒಂದು ತುದಿ ಹುಬ್ಬಿನ ಹತ್ತಿರ ಹಾಗೇ ಅಂಟಿಕೊಂಡಿತ್ತು, ರಕ್ತ ಅಲ್ಲಿಂದಲೇ ಹರಿಯಬೇಕಲ್ಲ. ಕೆಲವು ವಾರ ನನ್ನ ಎರಡು ಹುಬ್ಬಿನ ನಡುವಿನಿಂದ ಮೂಗಿನವರೆಗೆ ಒಂದು ಸೊಂಡಿಲು ಇಳಿಬಿದ್ದಿತ್ತು ಕಣೆ. ಮಗಳು ಮೊದಲ ಸಲ ನೋಡಿದಾಗ ಬಾತ್‌ರೂಮಿಗೆ ಹೋಗಿ ಬಹಳ ಹೊತ್ತು ನಲ್ಲಿ ತಿರುಗಿಸಿಟ್ಟಿದ್ದಳು.

ಆಗಿನ ಒಂದು ವಿಚಿತ್ರ ಹೇಳುತ್ತೇನೆ. ಡ್ರೆಸ್ಸಿಂಗ್ ಮಾಡುವ ನರ್ಸ್ ಹೊಸ ಮೂಗನ್ನು ಒರೆಸಿದರೆ ನನಗೆ ಹಣೆಯ ಮೇಲೆ ಯಾರೋ ಒರೆಸಿದಂತೆ ಆಗುತ್ತಿತ್ತು. ಮೂಗಿನ ಮೇಲೆ ಕೂತ ನೊಣವನ್ನು ನಾನು ಹಣೆಯಿಂದ ಓಡಿಸುತ್ತಿದ್ದೆ. ಜಾಗ ಬದಲಾಯಿಸಿದ್ದು ಆ ಚರ್ಮಕ್ಕೆ ಗೊತ್ತೇ ಆಗಿರಲಿಲ್ಲ. ಆಮೇಲೆ ಸೊಂಡಿಲು ಕತ್ತರಿಸಿ, ಅಂಚು ತಿದ್ದಿ, ಮೂಗನ್ನು ಮೂಗಾಗಿ ಬಿಟ್ಟರು. ತಲೆಗೂದಲಿನ ಹತ್ತಿರದ ಚರ್ಮವಾದ್ದರಿಂದ ತುದಿಯಲ್ಲಿ ಆಗಾಗ ಒಂದೆರಡು ಕೂದಲು ಮೊಳೆಯುತ್ತವೆ. ಮೂಗಿಗೆ ಕ್ಷೌರ ಮಾಡಿಸಿಕೊಳ್ಳುವ ಹೆಂಗಸು ನಾನು.

ಇನ್ನು ಚುಚ್ಚಿದ ಕತೆ. ಮಗಳು ಮೂಗು ಚುಚ್ಚಿಸಿಕೊಳ್ಳಬೇಕೆಂದು ವರ್ಷದಿಂದ ಜೀವ ತಿನ್ನುತ್ತಿದ್ದಳು. ಜೊತೆಗೆ ಹೋದೆ. ಸಣ್ಣ ಅಂಗಡಿ, ಆಸ್ಪತ್ರೆಯಷ್ಟು ಸ್ವಚ್ಛ, ಚುಚ್ಚುವಾಕೆಯ ಒಂದೊಂದು ಕಿವಿಯಲ್ಲೂ ಸಾಲಾಗಿ ಉಂಗುರ. ಮಗಳು ಸೂಜಿ ನೋಡುತ್ತಲೇ ಕುರ್ಚಿಯಿಂದ ಎದ್ದು, "ಇವತ್ತು ಬೇಡಮ್ಮ, ಮನಸ್ಸು ಗಟ್ಟಿ ಮಾಡ್ಕೊಂಡು ಬರ್ತೀನಿ" ಅಂದಳು. ನನ್ನ ಬಾಯಿಂದ, "ಹಾಗಾದ್ರೆ ನನಗೆ ಚುಚ್ಚಿ" ಅಂತ ಬಂತು. ಚುಚ್ಚುವಾಕೆ ನನ್ನ ಹೊಳ್ಳೆಯನ್ನೂ ಹಣೆಯ ಗೆರೆಯನ್ನೂ ನೋಡಿ, "ಇದನ್ನ ಮಾಡಿದ ಡಾಕ್ಟರನ್ನ ಕೇಳ್ದೆ ನಾನು ಕೈ ಹಾಕಲ್ಲ ಮೇಡಂ" ಅಂದಳು.

ಕೇಳಿದೆ. ಡಾಕ್ಟರಮ್ಮ ಮೊದಲು ನಕ್ಕರು, ಆಮೇಲೆ ದೀಪ ಹಿಡಿದು ಒಳಗೆ ಹೊರಗೆ ನೋಡಿ, ರಕ್ತ ಚೆನ್ನಾಗಿ ಓಡಾಡುತ್ತಿದೆ, ಮೂಳೆ ಇರುವ ಜಾಗ ಬಿಟ್ಟು ಇಲ್ಲಿ ಚುಚ್ಚಬಹುದು ಅಂತ ಪೆನ್ನಿನಿಂದ ಒಂದು ಚುಕ್ಕೆ ಇಟ್ಟರು. ಹಿಟ್ಟಿನ ಧೂಳಿಗೆ ಮುಖಗವಸು ಹಾಕಬೇಕು, ದಿನಾ ನೋಡಿಕೊಳ್ಳಬೇಕು, ಅನುಮಾನ ಬಂದರೆ ಓಡಿ ಬರಬೇಕು, ಇವು ಷರತ್ತು. ಆ ಚುಕ್ಕೆ ಹೊತ್ತು ಮಗಳ ಜೊತೆ ಮತ್ತೆ ಅದೇ ಅಂಗಡಿಗೆ ಹೋದೆ.

ನೀನು ಮೊದಲು ಕೇಳುವುದು ನನಗೆ ಗೊತ್ತು. ನೋವೇ ಆಗಲಿಲ್ಲ. ಒಂದಿಷ್ಟೂ ಇಲ್ಲ. ಸೂಜಿ ಒಳಗೆ ಹೋದದ್ದು ನನಗೆ ಖಾತ್ರಿಯಾಗಿದ್ದು ಆಮೇಲೆ ಕಣ್ಣು ಬಿಟ್ಟು ಮಗಳ ಮುಖ ನೋಡಿದಾಗ.

ನಿನ್ನ
ಅಕ್ಕ


ಮಾರ್ಚ್ 4

ಅಕ್ಕ,

ಕೂತೇ ಓದಿದೆ. ಓದಿ ಎದ್ದು ಹೊರಗೆ ಹೋಗಿ ಒಂದು ಸುತ್ತು ಬಂದು ಮತ್ತೆ ಓದಿದೆ. ನಿನ್ನ ಹಣೆ ಇಳಿದು ಬಂದು ಮೂಗಾದ ಕತೆಯನ್ನು ಊಟದ ಕೋಣೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಾವು ಇಲ್ಲಿ ಇರುವುದೇ ಬೆರಳೆಣಿಕೆಯ ಜನ, ಹೊಸ ಸುದ್ದಿ ಯಾರ ಹೆಸರಿಗೆ ಬಂದರೂ ಎಲ್ಲರ ಸ್ವತ್ತು. ನಮ್ಮ ನರ್ಸಣ್ಣ ಚಮಚ ಕೆಳಗಿಟ್ಟು ಕೇಳಿದ. ಈ ಕೇಂದ್ರದ ಆಸ್ಪತ್ರೆ, ಔಷಧದ ಅಂಗಡಿ, ಹಲ್ಲು ಕೀಳುವವನು ಎಲ್ಲಾ ಅವನೇ.

ಆದರೂ ಬಯ್ಯದೆ ಇರಲಾರೆ. ದೇವರು ಕೊಟ್ಟ ಮೂಗಿಗೇ ನೀನು ಯಾವತ್ತೂ ಬೊಟ್ಟು ಇಟ್ಟವಳಲ್ಲ. ಅಷ್ಟು ಕಷ್ಟಪಟ್ಟು ಕಟ್ಟಿದ ಮೂಗಿಗೆ ತೂತು ಯಾಕೆ? ಯಾರಾದರೂ ಏನಾದರೂ ಅಂದರಾ? ಬೇಕರಿಗೆ ಬರುವ ಗಿರಾಕಿಗಳು ದಿಟ್ಟಿಸಿ ನೋಡುತ್ತಾರಾ? ಮಚ್ಚೆ ಮುಚ್ಚಲು ಬೊಟ್ಟು ಇಟ್ಟುಕೊಳ್ಳುವ ಹಾಗೆ ಮಾಡಿದ್ದರೆ, ಅಕ್ಕ, ಅದರ ಅಗತ್ಯ ಇಲ್ಲ. ಹಾಗೆ ಮಾತಾಡಿದವರ ವಿಳಾಸ ಕಳಿಸು, ಮುಂದಿನ ಬಿರುಗಾಳಿಯನ್ನು ಅವರ ಮನೆ ಕಡೆಗೆ ತಿರುಗಿಸುತ್ತೇನೆ.

ಬೆಳಿಗ್ಗೆ ಹವೆ ಅಳೆಯುವ ಬಲೂನು ಬಿಡುವ ಸರದಿ ನನ್ನದಾಗಿತ್ತು. ಕೈಯಿಂದ ಬಿಟ್ಟಾಗ ಆಳೆತ್ತರಕ್ಕಿಂತ ಚೂರು ಹೆಚ್ಚು ಇರುತ್ತದೆ, ಅಷ್ಟೇ. ಮೇಲೆ ಹೋದಂತೆಲ್ಲ ಸುತ್ತಲಿನ ಗಾಳಿ ತೆಳುವಾಗಿ ಅದು ಉಬ್ಬುತ್ತಾ ಉಬ್ಬುತ್ತಾ ಒಂದು ಮನೆಯಷ್ಟಾಗುತ್ತದಂತೆ. ಅಷ್ಟು ದೊಡ್ಡದಾಗಿದ್ದನ್ನು ನಾವು ಯಾರೂ ಕಣ್ಣಾರೆ ಕಂಡಿಲ್ಲ. ಇವತ್ತು ಬಿಟ್ಟ ಮೇಲೆ ಕತ್ತು ನೋಯುವಷ್ಟು ಹೊತ್ತು ನೋಡಿದೆ, ಚುಕ್ಕೆಯಾಗಿ ಮಾಯವಾಯಿತು. ನಿನ್ನ ಡಾಕ್ಟರಮ್ಮ ಇಟ್ಟ ಪೆನ್ನಿನ ಚುಕ್ಕೆ ನೆನಪಾಯಿತು.

ಒಂದು ಮಾತು. ನೋವೇ ಆಗಲಿಲ್ಲ ಅಂದೆಯಲ್ಲ, ಅದೊಂದು ಸಾಲು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಹೆದರಿಕೆಗೇ ಅಲ್ಲವೇ ನಾನು ಇಷ್ಟು ದಿನ ಮೂಗು ಚುಚ್ಚಿಸಿಕೊಳ್ಳದೆ ಸುಮ್ಮನಿದ್ದದ್ದು? ನರ್ಸಣ್ಣನನ್ನು ಕೇಳಿದೆ. "ಕಿವಿ ಚುಚ್ಚಿದ್ದೀನಿ, ಮೂಗು ಚುಚ್ಚಿಲ್ಲ, ಆದ್ರೆ ತೂತು ತೂತೇ ತಾನೆ" ಅಂದ. ನನ್ನ ಹತ್ತಿರ ಸಣ್ಣ ಚಿನ್ನದ ಓಲೆ ಇದೆ. ನೋಡೋಣ.

ಫೋಟೋ ಕಳಿಸು. ಕಳಿಸದೆ ತಪ್ಪಿಸಿಕೊಳ್ಳುತ್ತಲೇ ಇದ್ದೀಯ.

ನಿನ್ನ
ಮಿಡತೆ


ಮಾರ್ಚ್ 28

ಪ್ರೀತಿಯ ಮಿಡತೆ,

ಯಾರೂ ಏನೂ ಅನ್ನಲಿಲ್ಲ. ಬಿರುಗಾಳಿಯನ್ನು ಅಲ್ಲೇ ಕಟ್ಟಿಹಾಕಿಕೋ. ಗಿರಾಕಿಗಳು ನನ್ನ ಮುಖ ನೋಡುವುದಿಲ್ಲ, ಬ್ರೆಡ್ಡಿನ ಮುಖ ನೋಡುತ್ತಾರೆ.

ಮೂಗುಬೊಟ್ಟಿನ ಚಾಕರಿ ಎಳೆಕೂಸಿನ ಚಾಕರಿಗಿಂತ ಕಡಿಮೆಯಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಉಪ್ಪುನೀರು. ಅಂಗಡಿಯಾಕೆ ಕೊಟ್ಟ ಸಣ್ಣ ಸೀಸೆಯಿಂದ ಹೊರಗೂ ಒಳಗೂ ಸಿಂಪಡಿಸಬೇಕು, ಅಂಟಿದ ಹಕ್ಕಳೆ ತಾನಾಗಿ ನೆನೆದು ಬಿಡಬೇಕು, ಉಗುರು ತಾಗಿಸುವಂತಿಲ್ಲ. ಒರೆಸಲು ಟವೆಲ್ ಕೂಡದು, ಎಳೆ ಸಿಕ್ಕಿಕೊಂಡರೆ ಬೊಟ್ಟೇ ಕಿತ್ತು ಬರುತ್ತದೆ. ಗಾಜ್ ಬಟ್ಟೆಯಲ್ಲಿ ಒತ್ತಿ ತೆಗೆಯಬೇಕು. ಬೊಟ್ಟನ್ನು ತಿರುಗಿಸಬಾರದು. ಬಲಕ್ಕೇ ಮಗ್ಗುಲಾಗಿ ಮಲಗಬೇಕು. ನಿನ್ನ ಭಾವ ಬಲಗಡೆ ಮಲಗುವವರಾದ್ದರಿಂದ ಈಗ ಅವರ ಗೊರಕೆ ನೇರ ನನ್ನ ಮುಖಕ್ಕೇ ಬರುತ್ತದೆ.

ಬೇಕರಿಯಲ್ಲಿ ಮುಖಗವಸು ಹಾಕಿಕೊಂಡು ಹಿಟ್ಟು ನಾದುತ್ತೇನೆ. ನಮ್ಮ ಓವನ್ ಉರಿಸುವ ಮುದುಕರು, "ಏನಮ್ಮ, ಬ್ಯಾಂಕು ದೋಚೋಕೆ ಹೊರಟ್ಯಾ?" ಅಂತ ಕೇಳುತ್ತಾರೆ.

ಎಲ್ಲಕ್ಕಿಂತ ದೊಡ್ಡ ಕೆಲಸ ಕನ್ನಡಿ ನೋಡುವುದು. ಡಾಕ್ಟರಮ್ಮನ ಕಟ್ಟಪ್ಪಣೆ. ಬಣ್ಣ ಬದಲಾಗಿದೆಯೇ, ಊದಿದೆಯೇ, ಸುತ್ತ ಕೆಂಪಾಗಿದೆಯೇ, ಬೆಳಕಿನಲ್ಲಿ ನಿಂತು ನೋಡಲೇಬೇಕು. ಆಪರೇಷನ್ ಆದಮೇಲೆ ನಾನು ಕನ್ನಡಿ ನೋಡುವುದನ್ನು ಬಿಟ್ಟಿದ್ದೆ ಮಿಡತೆ. ತಲೆ ಬಾಚುವಾಗಲೂ ಬೈತಲೆಯವರೆಗೆ ಮಾತ್ರ ನೋಡಿ ಕೆಳಗಿಳಿಯುತ್ತಿರಲಿಲ್ಲ. ಈಗ ಇಳಿಯದೆ ವಿಧಿಯಿಲ್ಲ. ಮೊದಮೊದಲು ಬೊಟ್ಟನ್ನಷ್ಟೇ ನೋಡುತ್ತಿದ್ದೆ. ಬರುಬರುತ್ತಾ ಕಣ್ಣು ಅದರ ಸುತ್ತ ಹರಡಿತು.

ನೋಡಿದರೆ ಅಲ್ಲೊಂದು ಲೋಕವೇ ಇದೆ. ಬೆಳಿಗ್ಗೆ ಆ ಚರ್ಮ ಮೇಣದ ಬಣ್ಣ, ಓವನ್ ಮುಂದೆ ನಿಂತು ಬಂದರೆ ಉಳಿದ ಮುಖದ ಹಾಗೇ ಕೆಂಪೇರಿರುತ್ತದೆ. ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ರಕ್ತನಾಳಗಳು ಕೆನ್ನೆಯ ಕಡೆಯಿಂದ ಗಡಿ ದಾಟಿ ಬಂದಿವೆ. ಹೊಲಿಗೆಯ ಗೆರೆ ಎಲ್ಲಿ ಮುಗಿಯುತ್ತದೆ, ಹಳೆ ಮೂಗು ಎಲ್ಲಿ ಶುರುವಾಗುತ್ತದೆ ಅಂತ ಹುಡುಕಬೇಕಾಯಿತು. ಇಷ್ಟು ದಿನ ಮುಖದ ಮೇಲೆ ಹೊತ್ತುಕೊಂಡು ತಿರುಗಿದೆ, ಒಂದು ದಿನವೂ ಮಾತಾಡಿಸಿರಲಿಲ್ಲ.

ನೀನು ದುಡುಕಿ ಚುಚ್ಚಿಸಿಕೊಳ್ಳಬೇಡ. ಹೋಲಿಕೆ ಬೇಡ, ನಿನ್ನ ಮೂಗೇ ಬೇರೆ.

ನಿನ್ನ
ಅಕ್ಕ


ಏಪ್ರಿಲ್ 22

ಸುಳ್ಳುಗಾತಿ ಅಕ್ಕನಿಗೆ,

"ದುಡುಕಬೇಡ" ಎನ್ನುವ ನಿನ್ನ ಪತ್ರ ಹೊತ್ತ ದೋಣಿ ದಡ ಮುಟ್ಟುವ ಮುಂಚೆಯೇ ದುಡುಕಿಯಾಗಿತ್ತು.

ನೋವೇ ಆಗಲಿಲ್ಲವಂತೆ. ಒಂದಿಷ್ಟೂ ಇಲ್ಲವಂತೆ. ನಿನ್ನ ಮಾತು ನಂಬಿ ನಗುತ್ತಾ ಹೋಗಿ ಕೂತೆ. ನರ್ಸಣ್ಣ ಸೂಜಿ, ಓಲೆ ಎಲ್ಲಾ ಕುದಿಸಿ ಸಿದ್ಧ ಮಾಡಿಕೊಂಡಿದ್ದ. ಅಡುಗೆಯವರು ತಲೆ ಹಿಡಿದುಕೊಳ್ಳಲು ಬಂದರು. "ಅದೆಲ್ಲಾ ಬೇಡ, ನಮ್ಮಕ್ಕಂಗೆ ಗೊತ್ತೇ ಆಗ್ಲಿಲ್ವಂತೆ" ಅಂತ ಅವರನ್ನು ಓಡಿಸಿದೆ.

ಅಕ್ಕ, ಅದನ್ನು ಹೇಗೆ ಹೇಳಲಿ. ಮೊದಲು ತಣ್ಣಗೆ ಒಂದು ಚುಕ್ಕೆ. ಅದು ನೋವಲ್ಲ, ನೋವು ಬರುತ್ತಿದೆ ಅಂತ ಡಂಗುರ. ಆಮೇಲೆ ಮೂಗಿನ ಒಳಗೆ ಬೆಂಕಿಕಡ್ಡಿ ಗೀರಿದ ಹಾಗೆ, ಬಿಳಿ ಬೆಳಕು. ಅದು ಮೂಗಿನಲ್ಲಿ ನಿಲ್ಲಲಿಲ್ಲ, ಕಣ್ಣಿನ ಹಿಂದಕ್ಕೆ ಹೋಯಿತು, ಮೇಲಿನ ಹಲ್ಲಿನ ಬೇರಿಗೆ ಹೋಯಿತು. ಅಳುವ ಮನಸ್ಸೇ ಇರಲಿಲ್ಲ, ಎಡಗಣ್ಣು ಒಂದೇ ತನ್ನಷ್ಟಕ್ಕೆ ಧಾರೆ ಸುರಿಸಿತು. ಸೂಜಿ ಅರ್ಧದಲ್ಲಿದ್ದಾಗಲೇ ಸೀನು ಬಂತು. ತಡೆದೆ. ಸೀನು ತಡೆಯುವುದು ಏನು ಅಂತ ಆವತ್ತು ತಿಳಿಯಿತು. ನಾನು ಕೂಗಿದ್ದು ಅಳತೆಯ ಉಪಕರಣಗಳಲ್ಲಿ ದಾಖಲಾಗಿರಬೇಕು ಅಂತ ನಮ್ಮ ಮುಖ್ಯಸ್ಥರು ಹೇಳುತ್ತಾರೆ.

ಎಲ್ಲಾ ಆದಮೇಲೆ ಮೂಗು ಗಂಟೆ ಬಡಿದ ಹಾಗೆ ಮಿಡಿಯುತ್ತಿತ್ತು. ಹೃದಯ ಅಲ್ಲಿಗೇ ಮನೆ ಬದಲಾಯಿಸಿತೇನೋ ಅನ್ನಿಸಿತು. ಗಾಳಿ ತಾಗಿದರೆ ಗೊತ್ತಾಗುತ್ತದೆ, ನಕ್ಕರೆ ಗೊತ್ತಾಗುತ್ತದೆ, ಬೇರೆಯವರು ಬಾಗಿಲು ಹಾಕಿದರೂ ಗೊತ್ತಾಗುತ್ತದೆ. ನನಗೆ ಮೂಗು ಅಂತ ಒಂದಿದೆ ಎನ್ನುವುದು ಈ ವಯಸ್ಸಿನಲ್ಲಿ ತಿಳಿಯಿತು.

ನಾನು ಇಷ್ಟು ಒದ್ದಾಡಿದ್ದಕ್ಕೆ ನೀನು ಹಾಗೆ ಕೂತಿದ್ದೆ ಅಂದರೆ ಎರಡರಲ್ಲಿ ಒಂದು. ನೀನು ಕಲ್ಲು, ಇಲ್ಲವೇ ಸುಳ್ಳುಗಾತಿ. ಎರಡರಲ್ಲಿ ಯಾವುದು ಅಂತ ಬರೆದು ತಿಳಿಸು.

ಉರಿಯುತ್ತಿರುವ ಮೂಗಿನ
ಮಿಡತೆ


ಮೇ 15

ಮಿಡತೆ,

ಕಲ್ಲು.

ನಿನ್ನ ಪತ್ರವನ್ನು ಬೇಕರಿಯ ಹಿಂದಿನ ಮೆಟ್ಟಿಲ ಮೇಲೆ ಕೂತು ಓದಿದೆ, ನಕ್ಕೆ. ಆಮೇಲೆ ನೋವಿನ ಭಾಗವನ್ನು ಮಾತ್ರ ಮತ್ತೆ ಓದಿದೆ. ಆಮೇಲೆ ಮತ್ತೆ. ಮನೆಗೆ ಬಂದಮೇಲೂ ಅದನ್ನೇ ತೆಗೆದುಕೊಂಡು ಕೂತೆ. ಬೆಂಕಿಕಡ್ಡಿ, ಹಲ್ಲಿನ ಬೇರು, ಒಂದೇ ಕಣ್ಣಿನ ನೀರು. ಹಸಿದವಳು ಅಡುಗೆಮನೆಯ ಕಿಟಕಿ ಹೊರಗೆ ನಿಂತ ಹಾಗಿತ್ತು ನನ್ನ ಪರಿಸ್ಥಿತಿ.

ಆ ಚರ್ಮಕ್ಕೆ ಸ್ಪರ್ಶ ಇಲ್ಲ. ಹುಬ್ಬಿನ ಹತ್ತಿರದ ಸೊಂಡಿಲು ಕತ್ತರಿಸಿದ ದಿನ ಹಣೆಯಲ್ಲಿ ಅನ್ನಿಸುತ್ತಿದ್ದದ್ದೂ ನಿಂತಿತು. ಅಂದಿನಿಂದ ಅದು ನನ್ನ ಮುಖದ ಮೇಲಿದೆ ಅಷ್ಟೇ. ಬಿಸಿ ಇಲ್ಲ, ತಣ್ಣಗಿಲ್ಲ. ಮಳೆಹನಿ ಬಿದ್ದರೆ ಬಲ ಹೊಳ್ಳೆಗೆ ಗೊತ್ತಾಗುತ್ತದೆ, ಎಡಕ್ಕೆ ಇಲ್ಲ. ಸಂವೇದನೆ ಬಂದರೂ ಬರಬಹುದು, ಬಾರದೆಯೂ ಇರಬಹುದು ಅಂತ ಡಾಕ್ಟರಮ್ಮ ಆಗಲೇ ಹೇಳಿದ್ದರು. ನಾನು ಸ್ವಲ್ಪ ಕಾಲ ಕಾದೆ. ಆಮೇಲೆ ಮುಟ್ಟಿ ನೋಡುವುದನ್ನೇ ಬಿಟ್ಟೆ.

ಕನ್ನಡಿ ನೋಡು ಅಂತ ಅವರು ಕಟ್ಟಪ್ಪಣೆ ಮಾಡಿದ್ದೂ ಅದಕ್ಕೇ. ಬೇರೆಯವರಿಗೆ ಕೀವಾದರೆ ನೋವು ಬಂದು ಹೇಳುತ್ತದೆ. ನನಗೆ ಹೇಳುವವರಿಲ್ಲ, ನಾನೇ ಹೋಗಿ ನೋಡಬೇಕು.

ಯಾಕೆ ಚುಚ್ಚಿಸಿಕೊಂಡೆ ಅಂತ ನೀನು ಕೇಳಿದ್ದೆ. ಅಂದಕ್ಕಲ್ಲ. ಅಷ್ಟು ದಪ್ಪ ಸೂಜಿ ಈಚೆಯಿಂದ ಆಚೆಗೆ ಹೋದರೆ ಅದಕ್ಕಾದರೂ ನೋಯಬಹುದು ಅಂತ ಒಂದು ಆಸೆ. ಕಣ್ಣು ಮುಚ್ಚಿ ಕಾಯುತ್ತಾ ಕೂತಿದ್ದೆ. "ಆಯ್ತು ಮೇಡಂ" ಅಂದಳು ಚುಚ್ಚುವಾಕೆ. ಇನ್ನೂ ಶುರುವೇ ಆಗಿಲ್ಲ ಅಂದುಕೊಂಡಿದ್ದೆ ನಾನು.

ನಿನ್ನ ಭಾವನಿಗೂ ಇದು ಗೊತ್ತಿಲ್ಲ. ಬ್ಯಾಂಡೇಜು ಬಿಚ್ಚಿದ ಹೊಸತರಲ್ಲಿ ನನ್ನ ಕನ್ನಡಕ ಹೊಸ ಮೂಗಿನ ಮೇಲೆ ಕೂರುತ್ತಿರಲಿಲ್ಲ. ಕನ್ನಡಕದ ಅಂಗಡಿ ಇಟ್ಟವರ ಹೆಂಡತಿಯೇ ಕನ್ನಡಕ ಜಾರಿಸಿಕೊಂಡು ಓಡಾಡಿದರೆ ಹೇಗೆ ಅಂತ ನಿನ್ನ ಭಾವನೇ ಕೂರಿಸಿ ಸರಿಮಾಡಿದರು. ಬೆರಳು ಹೊಳ್ಳೆಗೆ ತಾಗಿತಂತೆ. "ನೋವಾಯ್ತಾ?" ಅಂತ ಕೇಳಿದರು. ತಾಗಿದ್ದೇ ನನಗೆ ತಿಳಿದಿರಲಿಲ್ಲ. ಹಾಗೆ ಹೇಳಿದ್ದರೆ ಮುಗಿಯುತ್ತಿತ್ತು. ಬಾಯಿ "ಸ್ವಲ್ಪ" ಅಂದಿತು. ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಅಲ್ಲಿಂದ ಇಲ್ಲಿಯವರೆಗೆ ನನ್ನ ಮುಖ ಮುಟ್ಟಿಲ್ಲ. ನೋವಾದೀತು ಅಂತ. ಅವರ ಒಳ್ಳೆಯತನವನ್ನು ಯಾವ ಬಾಯಲ್ಲಿ ಬೈಯಲಿ ಹೇಳು.

ಫೋಟೋ ಬೇರೆ ಕಾಗದದಲ್ಲಿ ಮಡಿಸಿ ಇಟ್ಟಿದ್ದೇನೆ. ಬಿಚ್ಚಬೇಕು ಅನ್ನಿಸಿದಾಗ ಬಿಚ್ಚು.

ಅಕ್ಕ


ಜೂನ್ 20

ಅಕ್ಕ,

ಎರಡು ಸಲ ಬರೆದು ಹರಿದೆ. ನಾನು ನೋವನ್ನು ಹಾಗೆ ಕೊಚ್ಚಿಕೊಂಡು ಬರೆದದ್ದು ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ. ನೀನು ಅದನ್ನು ಮತ್ತೆ ಮತ್ತೆ ಓದಿದೆ ಅಂತ ಬರೆದದ್ದನ್ನು ನಾನೂ ಮತ್ತೆ ಮತ್ತೆ ಓದಿದೆ.

ಕೆಲವು ದಿನ ಆ ಮಡಿಕೆ ಬಿಚ್ಚಲಿಲ್ಲ. ನನ್ನ ಮನಸ್ಸಿನಲ್ಲಿ ನಿನ್ನ ಹಳೆಯ ಮುಖವೇ ಇತ್ತು, ಅದನ್ನು ಬಿಟ್ಟುಕೊಡಲು ಹೆದರಿಕೆ. ಇವತ್ತು ಗಾಳಿ ಹುಚ್ಚೆದ್ದು ಯಾರೂ ಹೊರಗೆ ಹೋಗುವಂತಿಲ್ಲದೆ ಕೋಣೆಯಲ್ಲಿ ಕೂತಿದ್ದಾಗ ಬಿಚ್ಚಿದೆ. ಹಣೆಯ ಗೆರೆ ಮೊದಲು ಕಂಡಿತು, ಕೂದಲಿನಿಂದ ಹುಬ್ಬಿಗೆ ಇಳಿದ ಸಣ್ಣ ದಾರಿ. ಆ ದಾರಿ ಹಿಡಿದು ಕೆಳಗೆ ಬಂದೆ. ಇಷ್ಟು ದೂರ ನಡೆದು ಬಂದು ಅಲ್ಲಿ ಕೂತು ಬೊಟ್ಟು ಬೇರೆ ಇಟ್ಟುಕೊಂಡಿದೆಯಲ್ಲ ಅನ್ನಿಸಿತು. ನಾನು ಹೆದರಿದ್ದ ಮುಖ ಅದರಲ್ಲಿ ಎಲ್ಲೂ ಇರಲಿಲ್ಲ. ನೀನೇ ಇದ್ದೆ. ನಗು ತಡೆಯುವಾಗ ಮಾಡುವ ಅದೇ ಮೂತಿ.

ಆದರೆ ಒಂದು ಮಾತು ಕೇಳು. ಬೊಟ್ಟು ತೆಗೆದುಬಿಡು. ನರ್ಸಣ್ಣನನ್ನು ಕೇಳಿದೆ. ನೋವು ಗೊತ್ತಾಗದ ಕಡೆ ಕೀವು ತುಂಬಿದರೆ ಹೊಳ್ಳೆಗೇ ಅಪಾಯ ಅಂದ. ನೋಯಲಿ ಅಂತ ಇಟ್ಟುಕೊಂಡದ್ದು ನೋಯಲಿಲ್ಲ, ಆಯಿತಲ್ಲ, ಇನ್ನು ಯಾಕೆ? ಇಷ್ಟು ಕಷ್ಟದ ಮೂಗನ್ನು ಒಂದು ಕಾಳಿನಷ್ಟು ಚಿನ್ನಕ್ಕೆ ಕಳೆದುಕೊಳ್ಳಬೇಡ. ಬೇಡಿಕೊಳ್ಳುತ್ತೇನೆ.

ಸಮುದ್ರ ಹೀಗೇ ಇದ್ದರೆ ದೋಣಿ ಯಾವಾಗ ಬರುತ್ತದೋ ಗೊತ್ತಿಲ್ಲ. ಈ ಪತ್ರ ನಿನ್ನನ್ನು ಸೇರುವ ಹೊತ್ತಿಗೆ ನೀನು ತೆಗೆದೇ ಇದ್ದರೆ ಒಳ್ಳೆಯದು.

ಮಿಡತೆ


ಜುಲೈ 6

ಪ್ರೀತಿಯ ಮಿಡತೆ,

ನಿನ್ನಿಂದ ಪತ್ರವಿಲ್ಲ. ಅಲ್ಲಿ ಬಿರುಗಾಳಿ ಅಂತ ರೇಡಿಯೋ ಸುದ್ದಿಯಲ್ಲಿ ಕೇಳಿದೆ. ಫೋಟೋ ನೋಡಿ ನಿನಗೆ ಬರೆಯಲು ಆಗುತ್ತಿಲ್ಲವೇನೋ ಅಂತಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಇರಲಿ.

ಮೂಗು ಕೆಂಪಾಗಿದೆ. ನಾನು ನೋಡಿದ್ದಲ್ಲ, ಮಗಳು ನೋಡಿದ್ದು. ಬೇಕರಿಯಲ್ಲಿ ದೊಡ್ಡ ಆರ್ಡರ್ ಬಂದು ಎಲ್ಲರೂ ಮೈಮುರಿದು ದುಡಿದ ವಾರ ಅದು. ಮುಖಗವಸು ಒದ್ದೆಯಾಗಿ ಮುಖಕ್ಕೆ ಅಂಟುತ್ತಿತ್ತು, ಕನ್ನಡಿಯ ಮುಂದೆ ನಿಲ್ಲುವ ತ್ರಾಣವಿಲ್ಲದೆ ಉಪ್ಪುನೀರು ಸಿಂಪಡಿಸಿ ಮಲಗಿಬಿಡುತ್ತಿದ್ದೆ. ತಿಂಡಿ ತಿನ್ನುವಾಗ ಮಗಳು ಮುಖ ನೋಡಿದವಳೇ, "ಅಮ್ಮ, ಎದ್ದೇಳು, ಹೊರಡೋಣ" ಅಂದಳು. ಬಟ್ಟೆ ಬದಲಾಯಿಸಲೂ ಬಿಡಲಿಲ್ಲ.

ಡಾಕ್ಟರಮ್ಮ ಈ ಸಲ ನಗಲಿಲ್ಲ. ಬೊಟ್ಟಿನ ಬುಡದಲ್ಲಿ ಕೀವು ಕಟ್ಟಿತ್ತು. ಈಗಲೇ ತೆಗೆದರೆ ತೂತು ಮುಚ್ಚಿ ಕೀವು ಒಳಗೇ ಉಳಿಯುತ್ತದೆ, ಸದ್ಯಕ್ಕೆ ಇರಲಿ ಅಂದರು. ಮಾತ್ರೆ ಕೊಟ್ಟಿದ್ದಾರೆ. ದಿನಾ ತೋರಿಸಲು ಹೋಗಬೇಕು. "ಕೆಂಪು ಇದ್ರೆ ನಿಭಾಯಿಸಬಹುದು. ಕಪ್ಪಾಗೋಕೆ ಶುರುವಾದ್ರೆ ಚರ್ಮ ಸಾಯ್ತಿದೆ ಅಂತ. ಆಗ ಹೊಳ್ಳೆ ಉಳಿಸ್ಕೊಳ್ಳೋದು ಕಷ್ಟ" ಅಂದರು. ಮತ್ತೆ ಕಟ್ಟಬೇಕೆಂದರೆ ಹಣೆಯಲ್ಲಿ ಅಷ್ಟು ಚರ್ಮ ಉಳಿದಿಲ್ಲ ಎನ್ನುವುದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತು.

ನಿನ್ನ ಭಾವ ಅಂಗಡಿಯ ಭೂತಗನ್ನಡಿ ಮನೆಗೆ ತಂದಿದ್ದಾರೆ. ಕಿಟಕಿಯ ಬೆಳಕಿಗೆ ನನ್ನನ್ನು ನಿಲ್ಲಿಸಿ, ಮುಟ್ಟದೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡುತ್ತಾರೆ. ಆ ಗಾಜಿನ ಆಚೆ ಅವರ ಒಂದು ಕಣ್ಣು ತಟ್ಟೆಯಷ್ಟಾಗಿ ಕಾಣುತ್ತದೆ. "ಕೆಂಪೇ ಇದೆ" ಅಂತ ಹೇಳಿ ಉಸಿರು ಬಿಡುತ್ತಾರೆ.

ಇಷ್ಟು ದಿನ ಅದು ನನ್ನದಲ್ಲ ಅನ್ನುತ್ತಿದ್ದೆ. ಹೋಗಿಬಿಡುತ್ತದೆ ಅನ್ನುವಾಗ ನನ್ನದೇ ಅಂತ ತಿಳಿಯುತ್ತಿದೆ.

ಅಕ್ಕ


ಆಗಸ್ಟ್ 3

ನನ್ನ ಮಿಡತೆ,

ನಿನ್ನ ಜೂನ್ ತಿಂಗಳ ಪತ್ರ ನಿನ್ನೆ ಬಂತು, ಉಪ್ಪುನೀರಿನಲ್ಲಿ ಒದ್ದೆಯಾಗಿ ಒಣಗಿ ಹಪ್ಪಳವಾಗಿತ್ತು. ಬೊಟ್ಟು ತೆಗಿ ಅಂತ ಬೇಡಿಕೊಂಡಿದ್ದೀಯ. ತೆಗೆದಿಲ್ಲ. ಏನಾಯಿತು ಅಂತ ಹೇಳುತ್ತೇನೆ, ಸಮಾಧಾನವಾಗಿ ಓದು, ಎಲ್ಲಾ ಒಳ್ಳೆಯದೇ.

ಮಾತ್ರೆ ಶುರುವಾಗಿ ಕೆಲವು ದಿನವಾಗಿತ್ತು. ಮಧ್ಯಾಹ್ನ ಓವನ್ ಆರಿಸಿ, ಟ್ರೇ ಎತ್ತಿಟ್ಟು, ಬೇಕರಿಯ ಹಿಂದಿನ ಸಿಂಕಿನ ಹತ್ತಿರ ಮುಖಗವಸು ಬಿಚ್ಚಿದೆ. ಎಂದಿನಂತೆ ಸೀಸೆ ಹಿಡಿದು ಉಪ್ಪುನೀರು ಸಿಂಪಡಿಸಿದೆ.

ಯಾರೋ ಹಿಂದಿನಿಂದ ಕರೆದ ಹಾಗಾಯಿತು. ತಿರುಗಿ ನೋಡಿದೆ, ಯಾರೂ ಇಲ್ಲ. ಇನ್ನೊಮ್ಮೆ ಸಿಂಪಡಿಸಿದೆ. ಈ ಸಲ ಗೊತ್ತಾಯಿತು, ಕರೆದದ್ದು ಮೂಗು. ಬೊಟ್ಟಿನ ಬುಡದಿಂದ ಕೆನ್ನೆಯ ಕಡೆಗೆ ಸಣ್ಣ ದಾರ ಎಳೆದ ಹಾಗೆ ಚುರ್ ಅಂದಿತು. ಸಿಂಕ್ ಹಿಡಿದು ನಿಂತೆ. ನನಗೆ ಬಂದ ಮೊದಲ ಯೋಚನೆ, ಮುಗಿಯಿತು, ಸಾಯುತ್ತಿದೆ, ಹೋಗುವ ಮುಂಚೆ ಒಂದು ಸಲ ಕೂಗುತ್ತಿದೆ. ಓವನ್ ಮುದುಕರು ನನ್ನ ಮುಖ ನೋಡಿ ಸ್ಟೂಲು ತಂದರು. ಕೂರಲಿಲ್ಲ. ಮೊಣಕೈವರೆಗೆ ಹಿಟ್ಟು ಅಂಟಿಸಿಕೊಂಡೇ ಆಸ್ಪತ್ರೆಗೆ ನಡೆದೆ.

ಡಾಕ್ಟರಮ್ಮ ಕೈಗವಸಿನ ಬೆರಳಿನಿಂದ ಮೆಲ್ಲಗೆ ಒತ್ತಿ, "ನೋವಾಗುತ್ತಾ?" ಅಂದರು.

"ಸ್ವಲ್ಪ" ಅಂದೆ. ರೂಢಿಯಲ್ಲಿ ಬಂದ ಮಾತು. ಆಮೇಲೆ, "ಅಲ್ಲ ಡಾಕ್ಟ್ರೇ, ನಿಜವಾಗ್ಲೂ ಆಗ್ತಿದೆ" ಅಂದೆ.

ಅವರ ಕೈ ಅಲ್ಲೇ ನಿಂತಿತು. ದೀಪ ಹತ್ತಿರ ತಂದು ಬಹಳ ಹೊತ್ತು ನೋಡಿದರು. "ಕಣ್ಣು ಮುಚ್ಚಿ" ಅಂದರು. ಹತ್ತಿಯನ್ನು ತಿರುಚಿ ಕೂದಲಿನಂತೆ ಸಣ್ಣ ಎಳೆ ಮಾಡಿದ ಸದ್ದು ಕೇಳಿತು. "ತಾಗಿದಾಗ ಹೇಳಿ."

ಕಾದೆ. ಏನೂ ಇಲ್ಲ. ಏನೂ ಇಲ್ಲ. ಆಮೇಲೆ ಒಂದು ಇರುವೆ ಕಾಲಿಟ್ಟಿತು.

"ಈಗ" ಅಂದೆ.

"ಎಲ್ಲಿ? ಹಣೆಯಲ್ಲಾ?"

"ಇಲ್ಲ. ಹೊಳ್ಳೆ ಮೇಲೆ. ಕೆನ್ನೆ ಕಡೆ ಅಂಚಿನಲ್ಲಿ."

ಮತ್ತೆ ತಾಗಿಸಿದರು, ಮತ್ತೆ ಹೇಳಿದೆ. ತುದಿಯಲ್ಲಿ ಏನೂ ಗೊತ್ತಾಗಲಿಲ್ಲ, ಅದು ಇನ್ನೂ ನಿದ್ದೆಯಲ್ಲೇ ಇದೆ. ಬೊಟ್ಟಿನ ಸುತ್ತ ಗೊತ್ತಾಯಿತು. ಕಣ್ಣು ಬಿಟ್ಟಾಗ ಡಾಕ್ಟರಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಹಾಗೇ ಕೂತಿದ್ದರು.

"ಸಾಯೋ ಚರ್ಮ ನೋಯಲ್ಲಮ್ಮ" ಅಂದರು. "ನಾನು ಕಟ್ಟಿದ್ದು ಚರ್ಮ, ಮೂಳೆ. ನರ ನಾನು ಜೋಡಿಸಿಲ್ಲ, ಇಷ್ಟು ಸಣ್ಣದನ್ನ ಜೋಡಿಸೋಕಾಗಲ್ಲ. ಅದು ಕೆನ್ನೆ ಕಡೆಯಿಂದ ತಾನೇ ದಾರಿ ಮಾಡ್ಕೊಂಡು ಬಂದಿದೆ. ಎಷ್ಟು ತಿಂಗಳಿಂದ ಬರ್ತಿತ್ತೋ ಏನೋ. ನೀವು ಗೊತ್ತಾಗುತ್ತಾ ಅಂತ ಮುಟ್ಟಿ ನೋಡೋದು ಬಿಟ್ಟಿದ್ರಿ. ಈಗ ಗಾಯವಾಗಿ ಊದಿಕೊಂಡಿದ್ದಕ್ಕೆ ಗಟ್ಟಿಯಾಗಿ ಕೇಳಿಸ್ತು, ಅಷ್ಟೇ." ಎಲ್ಲರಲ್ಲೂ ಹೀಗೆ ಬರುತ್ತದೆ ಅಂತಿಲ್ಲ, ಇಷ್ಟೇ ಬರುತ್ತದೆ ಅಂತಲೂ ಇಲ್ಲವಂತೆ. ಕೀವು ಕಡಿಮೆಯಾಗಿದೆ, ಬಣ್ಣ ಚೆನ್ನಾಗಿದೆ, ಬೊಟ್ಟು ಇರಲಿ ಅಂದರು.

ಯೋಚನೆ ಮಾಡು ಮಿಡತೆ. ನಾನು ಹಿಟ್ಟು ನಾದುತ್ತಿದ್ದಾಗ, ಜಗಳ ಆಡುತ್ತಿದ್ದಾಗ, ನಿನಗೆ ಕಲ್ಲು ಅಂತ ಬರೆಯುತ್ತಿದ್ದಾಗ, ಅದು ಒಳಗೆ ಕತ್ತಲಲ್ಲಿ ಕೂದಲೆಳೆಗಿಂತ ಸಣ್ಣದಾಗಿ ಹುಡುಕಿಕೊಂಡು ಬರುತ್ತಿತ್ತು. ಯಾರೂ ಕರೆದಿರಲಿಲ್ಲ. ನಾನಂತೂ ಬಾಗಿಲು ಹಾಕಿಕೊಂಡು ಕೂತಿದ್ದೆ.

ಆಸ್ಪತ್ರೆಯಿಂದ ಹೊರಗೆ ಬಂದರೆ ಗಾಳಿ ಬೀಸುತ್ತಿತ್ತು. ದೊಡ್ಡ ಗಾಳಿಯಲ್ಲ, ಬಸ್ಸು ಹೋದ ಗಾಳಿ. ಅದು ಬಲ ಹೊಳ್ಳೆಗೆ ತಾಗಿ, ಎಡ ಹೊಳ್ಳೆಗೂ ತಾಗಿತು. ಫುಟ್‌ಪಾತಿನ ಮೇಲೆ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದವರು ಸುತ್ತಿಕೊಂಡು ಹೋದರು. ಇನ್ನೊಂದು ಬಸ್ಸು ಬರುವವರೆಗೆ ಅಲ್ಲೇ ನಿಂತಿದ್ದೆ.

ಮನೆಗೆ ಹೋಗಲಿಲ್ಲ, ನಿನ್ನ ಭಾವನ ಅಂಗಡಿಗೆ ಹೋದೆ. ಗಿರಾಕಿ ಯಾರೂ ಇರಲಿಲ್ಲ. ಅವರು ಯಾವುದೋ ಕನ್ನಡಕದ ಕಣ್ಣಿಗೆ ಕಾಣದಷ್ಟು ಸಣ್ಣ ತಿರುಪು ಬಿಗಿಯುತ್ತಿದ್ದರು. ನನ್ನ ಕೈಮೇಲಿನ ಹಿಟ್ಟು ನೋಡಿ ಎದ್ದು ನಿಂತರು, ಮುಖ ಬಿಳಿಚಿಕೊಂಡಿತು.

"ಕಪ್ಪಾಯ್ತಾ?" ಅಂದರು.

ಕೂತು ಎಲ್ಲಾ ಹೇಳಿದೆ. ಏನೂ ಗೊತ್ತಾಗುತ್ತಿರಲಿಲ್ಲ ಅಂತ, ಸ್ವಲ್ಪ ಅಂದದ್ದೆಲ್ಲಾ ಸುಳ್ಳು ಅಂತ, ಇವತ್ತು ಏನಾಯಿತು ಅಂತ. ಕೇಳುತ್ತಾ ಆ ತಿರುಪನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಕೋಪ ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ. "ಇಷ್ಟು ದಿನ ನನ್ನ ಕೈ ಭಾರ ಅಂದ್ಕೊಂಡಿದ್ದೆ" ಅಂದರು.

"ಮುಟ್ಟಿ ನೋಡಿ" ಅಂದೆ.

ಅವರು ತಿರುಪನ್ನು ಡಬ್ಬಿಯಲ್ಲಿಟ್ಟು, ಒಳಗೆ ಹೋಗಿ ಸೋಪು ಹಚ್ಚಿ ಕೈ ತೊಳೆದು, ಒರೆಸಿಕೊಂಡು, ಎದುರಿಗೆ ಬಂದು ಕೂತರು. ಕಿರುಬೆರಳನ್ನು ತಂದು ಬೊಟ್ಟಿನ ಪಕ್ಕಕ್ಕೆ ಇಟ್ಟರು. ಬೆರಳು ಇನ್ನೂ ತಣ್ಣಗಿತ್ತು. ತಣ್ಣಗಿದೆ ಅಂತ ನನಗೆ ಗೊತ್ತಾಯಿತು.

"ಇಲ್ಲಾ?"

"ಹೂಂ. ಅಲ್ಲೇ."

"ನೋವಾಗ್ತಿದ್ಯಾ?"

"ಆಗ್ತಿದೆ" ಅಂದೆ. "ಕೈ ತೆಗೀಬೇಡಿ."

ನಿನ್ನ
ಅಕ್ಕ